ಸುಣ್ಣದಕಲ್ಲಿನ ಕಾಡಲ್ಲಿ ಫಾಲ್ಸ್ ಟ್ರೆಕ್: ಪ್ಲಾನ್ ಮಾಡೋದ್ರಿಂದ ಹಿಡಿದು ವಾಪಸ್ ಬರೋವರೆಗೂ

ಫಾಲ್ಸ್ ನೋಡೋಕೆ ಹೋಗೋರಲ್ಲಿ ಒಂದು ಲೆಕ್ಕ ಇರುತ್ತೆ, ಹೊಳೆ ಸಿಕ್ಕಿದ್ರೆ ಸಾಕು ದಂಡೆ ಹಿಡ್ಕೊಂಡು ಮೇಲಕ್ಕೆ ಹೋಗ್ತಾ ಇದ್ರೆ ಎಲ್ಲೋ ಒಂದ್ಕಡೆ ಫಾಲ್ಸ್ ಸಿಕ್ಕೇ ಸಿಗುತ್ತೆ ಅಂತ. ಗಟ್ಟಿ ಗ್ರಾನೈಟ್ ಬೆಟ್ಟದಲ್ಲಿ ಈ ಲೆಕ್ಕ ಸರಿ ಹೋಗುತ್ತೆ. ಸುಣ್ಣದಕಲ್ಲಿನ ಬೆಟ್ಟ, ಅಂದ್ರೆ ಕಾರ್ಸ್ಟ್ ಅಂತಾರಲ್ಲ, ಅಲ್ಲಿ ಹೋಗಲ್ಲ. ಅಲ್ಲಿ ಹೊಳೆ ಅರ್ಧ ದಾರೀಲೇ ನೆಲದೊಳಗೆ ಇಳಿದು ಮಾಯ ಆಗಿರುತ್ತೆ, ಇನ್ನೆಲ್ಲೋ ಒಂದು ಬಂಡೆ ಬುಡದಿಂದ ಒಮ್ಮೆಗೇ ತುಂಬಿದ ಹೊಳೆಯಾಗಿ ಹೊರಗೆ ಬರುತ್ತೆ, ಮಧ್ಯದ ಕಾಡೆಲ್ಲಾ ಹಸಿರಾಗಿದ್ರೂ ಕುಡಿಯೋಕೆ ಒಂದು ತೊಟ್ಟು ನೀರು ಸಿಗಲ್ಲ. ಹಾಗಾಗಿ ಯಾವಾಗ ಹೋಗ್ಬೇಕು, ಎಷ್ಟು ನೀರು ಹೊರಬೇಕು, ಎಲ್ಲಿ ಕಾಲಿಡ್ಬೇಕು, ಎಲ್ಲಿ ಈಜ್ಬಾರ್ದು, ಎಲ್ಲವನ್ನೂ ನೆಲದೊಳಗಿನ ನೀರನ್ನ ನೋಡ್ಕೊಂಡೇ ನಿರ್ಧಾರ ಮಾಡ್ಬೇಕು. ಅದನ್ನೇ ಹಂತ ಹಂತವಾಗಿ ಬರೀತೀನಿ.

ಹಂತ 1: ಈ ನೀರಿನ ಸ್ವಭಾವ ತಿಳ್ಕೊಳಿ

ಇದನ್ನ ಸ್ಕಿಪ್ ಮಾಡ್ಬೇಡಿ, ಮುಂದಿನ ಅರ್ಧ ವಿಷಯ ಇದರ ಮೇಲೇ ನಿಂತಿದೆ.

ಮಳೆ ನೀರು ಗಾಳಿಯಿಂದ ಸ್ವಲ್ಪ ಕಾರ್ಬನ್ ಡೈಆಕ್ಸೈಡ್ ಹೀರ್ಕೊಳ್ಳುತ್ತೆ, ಕಾಡಿನ ಮಣ್ಣೊಳಗೆ ಇಳಿದಾಗ ಇನ್ನೂ ಜಾಸ್ತಿ ಸಿಗುತ್ತೆ, ಯಾಕಂದ್ರೆ ಬೇರುಗಳು, ಕೊಳೆಯೋ ಎಲೆ ಎಲ್ಲಾ ಸೇರಿ ಮಣ್ಣಿನ ಒಳಗಿನ ಗಾಳೀಲಿ ಈ ಅನಿಲ ಹೊರಗಿಗಿಂತ ಹತ್ತಾರು ಪಟ್ಟು ಇರುತ್ತೆ. ಆಗ ನೀರು ತುಂಬಾ ಸೌಮ್ಯವಾದ ಆಸಿಡ್ ಆಗುತ್ತೆ. ಸುಣ್ಣದಕಲ್ಲಿನ ಬಿರುಕುಗಳಲ್ಲಿ ಇಳೀತಾ ಸಾವಿರಾರು ವರ್ಷ ಕಲ್ಲನ್ನ ಕರಗಿಸ್ತಾ ಬಿರುಕು ಕೊಳವೆ ಆಗುತ್ತೆ, ಕೊಳವೆ ಗುಹೆ ಆಗುತ್ತೆ, ಗುಹೆಯ ಸೂರು ಕುಸಿದ್ರೆ ಮೇಲೆ ಗುಂಡಿ ಬೀಳುತ್ತೆ. ಕಾಡು ದಟ್ಟವಾಗಿದ್ದಷ್ಟೂ ಈ ಕೆಲಸ ಜೋರು.

ಅದೇ ನೀರು ಹೊರಗೆ ಬಂದು ಬಂಡೆ ಮೇಲೆ ಚೆಲ್ಲಾಪಿಲ್ಲಿ ಬೀಳುವಾಗ ಒಳಗಿನ ಅನಿಲ ಗಾಳಿಗೆ ಹೋಗ್ಬಿಡುತ್ತೆ, ಕರಗಿದ್ದ ಸುಣ್ಣ ವಾಪಸ್ ಕಲ್ಲಾಗುತ್ತೆ. ಗಡಸು ನೀರು ಕಾಯಿಸೋ ಪಾತ್ರೆ ತಳದಲ್ಲಿ ಬಿಳಿ ಪೊರೆ ಕಟ್ಟುತ್ತಲ್ಲ, ಹೆಚ್ಚೂ ಕಡಿಮೆ ಅದೇ. ಪಾಚಿ, ಹಾವಸೆ ಮೇಲೆಲ್ಲಾ ಈ ಪೊರೆ ಕೂತು ಕೂತು ಟೂಫಾ ಅಥವಾ ಟ್ರಾವರ್ಟೈನ್ ಅನ್ನೋ ತೂತು ತೂತಾದ ಕಲ್ಲಾಗುತ್ತೆ. ಸಾಮಾನ್ಯ ಫಾಲ್ಸ್ ಬಂಡೇನ ಕೊರ್ಕೊಂಡು ಹಿಂದಕ್ಕೆ ಸರಿಯುತ್ತೆ, ಈ ಫಾಲ್ಸ್ ಮಾತ್ರ ತನ್ನ ಗೋಡೇನ ತಾನೇ ಕಟ್ಕೊಂಡು ಮುಂದಕ್ಕೆ ಬೆಳೆಯುತ್ತೆ. ಕ್ರೊವೇಷಿಯಾದ ಪ್ಲಿಟ್‌ವಿಟ್ಸೆಯಲ್ಲಿ 16 ಕೆರೆಗಳು ಮೆಟ್ಟಿಲು ಮೆಟ್ಟಿಲಾಗಿ ನಿಂತಿರೋದು ಇಂಥ ಟೂಫಾ ಅಡ್ಡಗಟ್ಟೆಗಳಿಂದಲೇ, ಅವು ಬೆಳೆಯೋದು ವರ್ಷಕ್ಕೆ ಹೆಚ್ಚೂ ಕಡಿಮೆ ಒಂದು ಸೆಂಟಿಮೀಟರ್. ಲಾವೋಸ್‌ನ ಕುವಾಂಗ್ ಸೀ, ಥಾಯ್ಲೆಂಡ್‌ನ ಏಳು ಹಂತದ ಎರಾವಾನ್, ಎಲ್ಲಾ ಇದೇ ಜಾತಿ.

ಇನ್ನೊಂದು ವಿಷಯ ಸ್ಪೀಡು. ಮರಳು ಮಣ್ಣಿನ ಅಂತರ್ಜಲ ಆಮೆ ಥರ ಹರಿಯುತ್ತೆ, ಕಾರ್ಸ್ಟ್ ಕೊಳವೆಯೊಳಗೆ ದಿನಕ್ಕೆ ಕಿಲೋಮೀಟರ್‌ಗಟ್ಟಲೆ ಓಡಬಹುದು, ನೀರಿಗೆ ಬಣ್ಣ ಬೆರೆಸಿ ಪರೀಕ್ಷೆ ಮಾಡಿ ಎಷ್ಟೋ ಕಡೆ ಇದನ್ನ ನೋಡಿದ್ದಾರೆ. ಸ್ಲೊವೇನಿಯಾದ ಷ್ಕೋಟ್ಸಿಯಾನ್ ಗುಹೆಗಳಲ್ಲಿ ರೇಕಾ ನದಿ ಪೂರ್ತಿ ನೆಲದೊಳಗೆ ಹೋಗಿ 30 ಕಿ.ಮೀಗೂ ಹೆಚ್ಚು ದೂರ ಇಟಲಿಯ ಸಮುದ್ರದ ಹತ್ರ ಟಿಮಾವೋ ಅನ್ನೋ ಹೆಸರಲ್ಲಿ ಮೇಲೆ ಬರುತ್ತೆ. ಅದೇ ಗುಹೇಲಿ 1965ರ ಪ್ರವಾಹದಲ್ಲಿ ನೀರು ನೂರು ಮೀಟರ್‌ಗಿಂತ ಜಾಸ್ತಿ ಮೇಲಕ್ಕೆ ಬಂದಿತ್ತು. ಇಕ್ಕಟ್ಟಾದ ಕೊಳವೆ, ಬರೋ ನೀರು ಜಾಸ್ತಿ, ಹೊರಗೆ ಹೋಗೋಕೆ ಜಾಗ ಇಲ್ಲ ಅಂದ್ರೆ ಮೇಲಕ್ಕೇ ಬರ್ಬೇಕಲ್ವಾ. ಈ ಮಾತು ನೆನಪಲ್ಲಿರ್ಲಿ, ಹೊಳೆ ದಾಟುವಾಗ ಬೇಕಾಗುತ್ತೆ.

ಹಂತ 2: ಸೀಸನ್ ಆರಿಸೋದು

ನೀರು ಜಾಸ್ತಿ ಬೇಕಾ ಬಣ್ಣ ಬೇಕಾ, ಮೊದಲು ಇದನ್ನ ತೀರ್ಮಾನ ಮಾಡಿ. ಎರಡೂ ಒಟ್ಟಿಗೆ ಸಿಗೋದು ಅಪರೂಪ. ಫೋಟೋಗಳಲ್ಲಿ ಕಾಣೋ ಆ ತಿಳಿನೀಲಿ ಬಣ್ಣ ಬರೋದು ನೀರು ಸ್ವಚ್ಛವಾಗಿ, ಅದರಲ್ಲಿ ಸುಣ್ಣದ ಸಣ್ಣ ಸಣ್ಣ ಕಣ ಮಾತ್ರ ತೇಲ್ತಾ ಇರುವಾಗ. ಜೋರು ಮಳೆಗಾಲದಲ್ಲಿ ಮಣ್ಣು ತೊಳೆದು ಬಂದು ಎಲ್ಲಾ ಕೆಂಪು ಕೆಂಪು, ಭೋರ್ಗರೆತ ಮಾತ್ರ ಸಖತ್ತಾಗಿರುತ್ತೆ. ಚೀನಾದ ಹುವಾಂಗ್‌ಗುವೋಷು 77.8 ಮೀಟರ್ ಎತ್ತರದ ಫಾಲ್ಸ್, ಅದು ಮಳೆಗಾಲದಲ್ಲೂ ಒಣ ತಿಂಗಳಲ್ಲೂ ಒಂದೇ ಫಾಲ್ಸ್ ಅಂತ ನಂಬೋಕಾಗದಷ್ಟು ವ್ಯತ್ಯಾಸ ಕಾಣುತ್ತೆ.

ಮಳೆಗಾಲ ಇರೋ ದೇಶಗಳಲ್ಲಿ ನನ್ನ ಅಭಿಪ್ರಾಯ ಏನಂದ್ರೆ, ಮಳೆ ನಿಂತ ಮೇಲೆ ಮೂರು ನಾಲ್ಕು ವಾರ ಬಿಟ್ಟು ಹೋಗೋದು. ಬೆಟ್ಟದ ಒಳಗಿನ ನೀರು ಇನ್ನೂ ಇಳೀತಾ ಇರುತ್ತೆ, ಮೇಲಿನ ಕೆಸರು ತಿಳಿಯಾಗಿರುತ್ತೆ, ಕಾಲ್ದಾರಿನೂ ಸ್ವಲ್ಪ ಒಣಗಿರುತ್ತೆ. ಹಿಮ ಬೀಳೋ ಪ್ರದೇಶ ಆದ್ರೆ ವಸಂತದಲ್ಲಿ ಹಿಮ ಕರಗುವಾಗ ನೀರು ಜಾಸ್ತಿ, ಜನ ಕಮ್ಮಿ. ಕಡು ಬೇಸಿಗೇಲಿ ಹೋಗೋದಾದ್ರೆ ಮೊದಲೇ ವಿಚಾರಿಸಿ, ಯಾಕಂದ್ರೆ ನೀರಿನ ಮಟ್ಟ ಇಳಿದಾಗ ಒರತೆ ಕೆಳಗಿನ ಇನ್ನೊಂದು ಬಾಯಿಂದ ಹೊರಗೆ ಹೋಗಿ ಮೇಲಿನ ಫಾಲ್ಸ್ ಪೂರ್ತಿ ಒಣಗಿ ಬರೀ ಗೋಡೆ ನಿಂತಿರಬಹುದು. ಸ್ಲೊವೇನಿಯಾದಲ್ಲಿ ತ್ಸೆರ್ಕ್‌ನಿಟ್ಸಾ ಅಂತ ಒಂದು ದೊಡ್ಡ ಕೆರೆನೇ ಇದೆ, ಮಳೆ ಜಾಸ್ತಿ ಇರೋ ತಿಂಗಳಲ್ಲಿ ದೋಣಿ ಓಡಿಸ್ತಾರೆ, ಬೇಸಿಗೆ ಬಂದ್ರೆ ಅದೇ ಜಾಗದಲ್ಲಿ ಹುಲ್ಲು ಬೆಳೆದಿರುತ್ತೆ. ಕೆರೆಗೇ ಹಿಂಗಾದ್ರೆ ಫಾಲ್ಸ್‌ದು ಏನು ಲೆಕ್ಕ.

ಹಂತ 3: ಮ್ಯಾಪ್ ಓದೋದು

ಆಪ್‌ನಲ್ಲಿ ಯಾರೋ ನಡೆದ ಟ್ರ್ಯಾಕ್ ಡೌನ್‌ಲೋಡ್ ಮಾಡ್ಕೊಂಡು ಹೊರಟ್ರೆ ಸಾಕು ಅನ್ಕೋಬೇಡಿ. ಟೊಪೊ ಮ್ಯಾಪ್, ಅಂದ್ರೆ ನೆಲದ ಏರಿಳಿತ ತೋರಿಸೋ ಮ್ಯಾಪ್, ಒಂದು ತಗೊಂಡು ಕೂತು ಅರ್ಧ ಗಂಟೆ ನೋಡಿ, ಕಾರ್ಸ್ಟ್ ಮ್ಯಾಪ್ ಓದೋದೇ ಒಂದು ಮಜಾ.

ಮೊದಲು ನೀಲಿ ಗೆರೆಗಳನ್ನ ನೋಡಿ. ಒಂದು ಹೊಳೆಯ ಗೆರೆ ಇದ್ದಕ್ಕಿದ್ದಂಗೆ ನಿಂತು ಹೋಗಿದ್ರೆ ಅಲ್ಲಿ ನೀರು ನೆಲದೊಳಗೆ ಇಳೀತಾ ಇದೆ ಅಂತ. ಎಲ್ಲಿಂದಲೋ ದಪ್ಪ ಗೆರೆಯಾಗೇ ಶುರುವಾಗಿದ್ರೆ ಅದು ದೊಡ್ಡ ಒರತೆ, ನಿಮ್ಮ ಫಾಲ್ಸ್ ಅದರ ಕೆಳಗಡೆನೇ ಇರೋ ಚಾನ್ಸ್ ಜಾಸ್ತಿ. ಕಣಿವೆ ಆಕಾರ ಇದೆ ಆದ್ರೆ ನೀಲಿ ಗೆರೆನೇ ಇಲ್ಲ ಅಂದ್ರೆ ಅದು ಒಣ ಕಣಿವೆ. ನಡೆಯೋಕೆ ಸುಲಭ ಅಂತ ದಾರಿ ಅಲ್ಲೇ ಹೋಗಿರುತ್ತೆ, ಜೋರು ಮಳೆ ಬಂದಾಗ ನೀರು ಹರಿಯೋದೂ ಅಲ್ಲೇ.

ಆಮೇಲೆ ಕಾಂಟೂರ್, ಅಂದ್ರೆ ಒಂದೇ ಎತ್ತರದ ಜಾಗಗಳನ್ನ ಸೇರಿಸೋ ಗೆರೆ. ಸುತ್ತಾ ಮುಚ್ಕೊಂಡಿರೋ ವೃತ್ತದ ಒಳಗಡೆ ಚಿಕ್ಕ ಚಿಕ್ಕ ಹಲ್ಲು ಥರ ಗೆರೆ ಇದ್ರೆ ಅದು ಗುಡ್ಡ ಅಲ್ಲ, ಗುಂಡಿ. ಇಂಥವು ಒಂದೇ ಸಾಲಲ್ಲಿ ನಾಲ್ಕೈದು ಇದ್ರೆ ಕೆಳಗೆ ಗುಹೆಯೋ ದೊಡ್ಡ ಬಿರುಕೋ ಹೋಗ್ತಾ ಇದೆ ಅಂತ ಊಹೆ ಮಾಡಬಹುದು. ಆದ್ರೆ ಕಾಂಟೂರ್ ಗೆರೆಗಳ ನಡುವಿನ ಎತ್ತರದ ಅಂತರ 20 ಮೀಟರ್ ಇದ್ರೆ 15 ಮೀಟರ್ ಆಳದ ಗುಂಡಿ ಮ್ಯಾಪಲ್ಲಿ ಕಾಣದೇ ಹೋಗ್ಬಹುದು. ಎಷ್ಟೋ ದೇಶಗಳು ಲಿಡಾರ್ ಸರ್ವೆ ಮ್ಯಾಪ್‌ಗಳನ್ನ ಫ್ರೀಯಾಗಿ ಆನ್‌ಲೈನ್ ಹಾಕಿವೆ. ಲೇಸರ್‌ನಿಂದ ಅಳೆಯೋದ್ರಿಂದ ಮರಗಳನ್ನ ತೆಗೆದು ಬರೀ ನೆಲ ಹೆಂಗಿದೆ ಅಂತ ತೋರ್ಸುತ್ತೆ, ಸ್ಯಾಟಲೈಟ್ ಫೋಟೋದಲ್ಲಿ ಒಂದೇ ಹಸಿರು ಹಾಸಾಗಿ ಕಂಡ ಕಾಡು ಲಿಡಾರ್‌ನಲ್ಲಿ ಸಿಡುಬು ಕಲೆ ಬಿದ್ದ ಮುಖದ ಹಾಗೆ ಕಾಣ್ಸುತ್ತೆ. ನೀವು ಹೋಗೋ ಜಾಗಕ್ಕೆ ಅದು ಸಿಕ್ಕಿದ್ರೆ ಸ್ಕ್ರೀನ್‌ಶಾಟ್ ತೆಗೆದು ಇಟ್ಕೊಳಿ.

ಜಿಪಿಎಸ್ ಬಗ್ಗೆ ಒಂದು ಮಾತು. ದಟ್ಟ ಕಾಡು, ಎರಡೂ ಕಡೆ ಗೋಡೆ ಥರ ಬಂಡೆ ಇರೋ ಕೊರಕಲಲ್ಲಿ ಸಿಗ್ನಲ್ ಬಂಡೆಗೆ ಬಡಿದು ಬರೋದ್ರಿಂದ ನೀವಿರೋ ಜಾಗಾನ ಹತ್ತಾರು ಮೀಟರ್ ಆಚೆ ಈಚೆ ತೋರ್ಸುತ್ತೆ. ಬಯಲಲ್ಲಿ ಅದೇನು ದೊಡ್ಡ ವಿಷಯ ಅಲ್ಲ, ಇಲ್ಲಿ ಹತ್ತು ಮೀಟರ್ ಪಕ್ಕಕ್ಕೆ ಪ್ರಪಾತ ಇರಬಹುದು. ಆಫ್‌ಲೈನ್ ಮ್ಯಾಪ್ ಇರ್ಲಿ, ದಿಕ್ಸೂಚಿ ಇರ್ಲಿ, ಆದ್ರೆ ಸ್ಕ್ರೀನ್ ಮತ್ತು ಕಣ್ಣು ಬೇರೆ ಬೇರೆ ಹೇಳಿದಾಗ ಕಣ್ಣನ್ನ ನಂಬಿ.

ಹಂತ 4: ಟೈಮ್ ಲೆಕ್ಕ, ಪರ್ಮಿಷನ್, ಗೈಡ್

1892ರಲ್ಲಿ ವಿಲಿಯಂ ನೈಸ್ಮಿತ್ ಅನ್ನೋ ಸ್ಕಾಟ್ಲೆಂಡ್‌ನವರು ಕೊಟ್ಟ ಲೆಕ್ಕ ಇವತ್ತಿಗೂ ಟ್ರೆಕರ್‌ಗಳು ಬಳಸ್ತಾರೆ. ಸಮತಟ್ಟಲ್ಲಿ 5 ಕಿ.ಮೀಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕಾರ್ಸ್ಟ್ ಕಾಡಿಗೆ ಇದನ್ನ ಡಬಲ್ ಮಾಡಿ, ಕಲ್ಲು ಒದ್ದೆಯಿದ್ರೆ ಅದಕ್ಕೂ ಸ್ವಲ್ಪ ಸೇರಿಸಿ. ಗುಂಡಿಗಳನ್ನ ಸುತ್ತು ಹಾಕಿ ಹೋಗೋದ್ರಲ್ಲೇ ಎಷ್ಟೋ ಟೈಮ್ ಹೋಗುತ್ತೆ, ಮ್ಯಾಪಲ್ಲಿ ಎರಡು ಕಿ.ಮೀ ಅಂತ ಕಂಡಿದ್ದು ಕಾಲಿಗೆ ಮೂರೂವರೆ ಆಗಿರುತ್ತೆ. ಕತ್ತಲಾಗೋಕೆ ಎರಡು ಗಂಟೆ ಮುಂಚೆ ಮುಖ್ಯ ದಾರಿಗೆ ವಾಪಸ್ ಬಂದಿರಬೇಕು ಅಂತ ಇಟ್ಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ವಾಪಸ್ ತಿರುಗೋ ಟೈಮ್ ಫಿಕ್ಸ್ ಮಾಡಿ. ಫಾಲ್ಸ್ ಸೌಂಡ್ ಕೇಳ್ತಾ ಇದ್ರೂ ಆ ಟೈಮ್ ಆಯ್ತು ಅಂದ್ರೆ ತಿರುಗೋದೇ.

ಇಂಥ ಜಾಗಗಳು ಹೆಚ್ಚಿನವು ನ್ಯಾಷನಲ್ ಪಾರ್ಕ್ ಅಥವಾ ಸಂರಕ್ಷಿತ ಕಾಡು. ಟಿಕೆಟ್, ಪರ್ಮಿಟ್, ಯಾವ ದಾರಿ ಓಪನ್ ಇದೆ ಅನ್ನೋದನ್ನ ಪಾರ್ಕ್‌ನವರ ಅಧಿಕೃತ ಪೇಜ್‌ನಲ್ಲೇ ನೋಡಿ, ಹಳೇ ಬ್ಲಾಗ್ ನಂಬ್ಕೊಂಡು ಹೋಗ್ಬೇಡಿ, ರೂಲ್ಸ್ ಬದಲಾಗ್ತಾ ಇರುತ್ತೆ. ಕ್ರೊವೇಷಿಯಾದ ಕ್ರ್‌ಕಾದಲ್ಲಿ ಸ್ಕ್ರಾಡಿನ್ಸ್ಕಿ ಬುಕ್ ಫಾಲ್ಸ್ ಕೆಳಗೆ ಈಜೋಕೆ ಬಿಡ್ತಿದ್ರು, 2021ರಿಂದ ಅದು ಬಂದ್, ಹಳೇ ವಿಡಿಯೋ ನೋಡ್ಕೊಂಡು ಟವೆಲ್ ಹಿಡ್ಕೊಂಡು ಬರೋರು ಈಗ್ಲೂ ಇರ್ತಾರೆ ಅನ್ಸುತ್ತೆ. ದಾರಿ ಗುರುತು ಇಲ್ಲದ ಕಾಡಾದ್ರೆ ಸ್ಥಳೀಯ ಗೈಡ್ ಬೇಕೇ ಬೇಕು. ಲಾವೋಸ್‌ನಲ್ಲಂತೂ 1964ರಿಂದ 1973ರವರೆಗೆ ಬಿದ್ದ ಬಾಂಬ್‌ಗಳಲ್ಲಿ ಸಿಡಿಯದೇ ಉಳಿದಿರೋವು ಇನ್ನೂ ನೆಲದಲ್ಲಿವೆ, ಅಲ್ಲಿ ಜನ ಓಡಾಡೋ ಜಾಡು ಬಿಟ್ಟು ಪಕ್ಕಕ್ಕೆ ಕಾಲಿಡೋ ಸಾಹಸ ಬೇಡ.

ಎಲ್ಲಿಗೆ ಹೋಗ್ತೀರಿ, ಯಾವ ದಾರಿ, ಎಷ್ಟೊತ್ತಿಗೆ ಫೋನ್ ಮಾಡ್ತೀರಿ, ಮಾಡ್ದೇ ಇದ್ರೆ ಯಾರಿಗೆ ಹೇಳ್ಬೇಕು, ಇಷ್ಟನ್ನ ಮನೇಲಿರೋ ಒಬ್ಬರಿಗೆ ಮೆಸೇಜ್ ಹಾಕಿ ಇಡಿ. ಒಬ್ಬರೇ ಹೋಗ್ಬೇಡಿ, ಮೂರು ಜನ ಇದ್ರೆ ಒಳ್ಳೇದು: ಒಬ್ರಿಗೆ ಪೆಟ್ಟಾದ್ರೆ ಒಬ್ರು ಜೊತೇಲಿರಬಹುದು, ಇನ್ನೊಬ್ರು ಸಹಾಯಕ್ಕೆ ಹೋಗಬಹುದು.

ಹಂತ 5: ಬ್ಯಾಗು

ಕುಡಿಯೋ ನೀರು ಎಲ್ಲಕ್ಕಿಂತ ಮೊದಲು. ಫಾಲ್ಸ್‌ಗೆ ಹೋಗ್ತಾ ಇದೀವಲ್ಲ ನೀರಿಗೇನು ಕೊರತೆ ಅನ್ನೋದು ಇಲ್ಲಿ ಎಲ್ಲರೂ ಮಾಡೋ ತಪ್ಪು ಲೆಕ್ಕ. ದಾರೀಲಿ ನೀರು ಸಿಗಲ್ಲ, ಎಲ್ಲಾ ಕೆಳಗಿರುತ್ತೆ. ದಿನದ ಟ್ರೆಕ್‌ಗೆ ತಲೆಗೆ ಮೂರು ಲೀಟರ್ ಹೊತ್ಕೊಂಡು ಹೋಗಿ, ಸೆಕೆ ಇದ್ರೆ ಇನ್ನೂ ಒಂದು.

ಫಾಲ್ಸ್ ನೀರನ್ನ ಹಂಗೇ ಕುಡೀಬಹುದಾ? ಬೇಡ. ಕನ್ನಡಿ ಥರ ಇರುತ್ತೆ, ಕುಡಿಯೋ ಆಸೆ ಆಗೇ ಆಗುತ್ತೆ, ಆದ್ರೆ ಮಣ್ಣಲ್ಲಿ ಸೋಸಿ ಬಂದ ನೀರು ಅಲ್ಲ ಅದು. ಮೇಲೆಲ್ಲೋ ಒಂದು ಗುಂಡೀಲಿ ಸತ್ತ ಪ್ರಾಣಿ ಇದ್ರೂ, ಯಾರಾದ್ರೂ ಕಸ ಸುರಿದಿದ್ರೂ, ಕೊಳವೆ ಮೂಲಕ ಅದು ನೇರ ಒರತೆಗೇ ಬರುತ್ತೆ. ಎಮರ್ಜೆನ್ಸಿಗೆ ಬಳಸೋದಾದ್ರೆ ಕುದಿಸಿ, ಗುಳುಗುಳು ಅಂತ ಕುದಿ ಬಂದ ಮೇಲೆ ಒಂದು ನಿಮಿಷ, 2000 ಮೀಟರ್‌ಗಿಂತ ಎತ್ತರದಲ್ಲಿ ಮೂರು ನಿಮಿಷ. ಸಾಮಾನ್ಯ ಟ್ರೆಕಿಂಗ್ ಫಿಲ್ಟರ್ ಬ್ಯಾಕ್ಟೀರಿಯಾ ತಡೆಯುತ್ತೆ, ವೈರಸ್ ತಡೆಯಲ್ಲ. ಕ್ಲೋರಿನ್ ಮಾತ್ರೆ ಬೇರೆ ಥರ, ಅದು ಕ್ರಿಪ್ಟೋಸ್ಪೊರಿಡಿಯಂ ಅನ್ನೋ ಪರೋಪಜೀವೀನ ಸರಿಯಾಗಿ ಸಾಯಿಸಲ್ಲ. ಹಾಗಾಗಿ ಫಿಲ್ಟರ್ ಮಾಡಿ ಆಮೇಲೆ ಮಾತ್ರೆ ಹಾಕೋದು ಸೇಫ್. ಇನ್ನೊಂದು, ಸುಣ್ಣ ಜಾಸ್ತಿ ಇರೋ ನೀರಲ್ಲಿ ಫಿಲ್ಟರ್ ಬೇಗ ಕಟ್ಕೊಳ್ಳುತ್ತೆ, ಮನೆಗೆ ಬಂದ ಮೇಲೆ ಅದರ ಕಂಪನಿ ಹೇಳಿದ ರೀತೀಲಿ ತೊಳೆದು ಇಡಿ.

ಶೂ ವಿಷಯಕ್ಕೆ ಬಂದ್ರೆ, ಪಾದದ ಗಂಟು ಮುಚ್ಚೋ ಶೂ, ಸೋಲು ಮೆತ್ತಗಿರೋ ರಬ್ಬರ್. ಗಟ್ಟಿ ಪ್ಲಾಸ್ಟಿಕ್ ಥರದ ಸೋಲು ಒದ್ದೆ ಸುಣ್ಣದಕಲ್ಲಿನ ಮೇಲೆ ಜಾರುತ್ತೆ. ವಾಟರ್‌ಪ್ರೂಫ್ ಶೂಗೆ ದುಡ್ಡು ಸುರೀಬೇಡಿ ಅಂತೀನಿ ನಾನು, ಹೊಳೇಲಿ ಇಳಿದ್ರೆ ಮೇಲಿಂದ ನೀರು ತುಂಬ್ಕೊಳ್ಳುತ್ತೆ, ಆಮೇಲೆ ಹೊರಗೆ ಹೋಗಲ್ಲ, ಬೇಗ ಒಣಗೋ ಜಾಲರಿ ಶೂ ಎಷ್ಟೋ ವಾಸಿ. ಕೈಗೆ ತೆಳು ಗ್ಲೌಸ್ ಹಾಕ್ಕೊಳಿ, ಯಾಕೆ ಅಂತ ಮುಂದೆ ಹೇಳ್ತೀನಿ. ಟ್ರೆಕಿಂಗ್ ಕೋಲು, ಹೆಡ್‌ಲ್ಯಾಂಪ್ ಮತ್ತು ಎಕ್ಸ್‌ಟ್ರಾ ಬ್ಯಾಟರಿ, ವಿಷಲ್, ಬ್ಯಾಂಡೇಜ್, ಮಳೆ ಜಾಕೆಟ್, ಒಂದು ಜೊತೆ ಒಣ ಬಟ್ಟೆ ವಾಟರ್‌ಪ್ರೂಫ್ ಕವರಲ್ಲಿ. ಬಂಡೆ ಗೋಡೆಗಳ ಬುಡದಲ್ಲಿ ಜಾಸ್ತಿ ಹೊತ್ತು ನಡೆಯೋದಿದ್ರೆ ಹೆಲ್ಮೆಟ್ಟೂ ಇರ್ಲಿ, ನೋಡೋರು ನಕ್ಕರೆ ನಗ್ಲಿ.

ಜಿಗಣೆ ಇರೋ ಕಾಡಾದ್ರೆ ಪ್ಯಾಂಟನ್ನ ಸಾಕ್ಸ್ ಒಳಗೆ ಸಿಕ್ಕಿಸ್ಕೊಳಿ. ಹತ್ತಿದ್ರೆ ಉಗುರಿಂದ ಬಾಯಿ ಭಾಗ ಬಿಡಿಸಿ ತೆಗೀರಿ, ಬೆಂಕಿ ಕಡ್ಡಿ ಇಡೋದೆಲ್ಲಾ ಬೇಡ, ಹೊಟ್ಟೇಲಿರೋದನ್ನ ಗಾಯಕ್ಕೇ ಕಕ್ಕುತ್ತೆ. ಉಣ್ಣಿಗೆ ಚಿಮಟ, ಚರ್ಮಕ್ಕೆ ಹತ್ರ ಹಿಡಿದು ನೇರ ಮೇಲಕ್ಕೆ ಎಳೀಬೇಕು, ತಿರುಚಬಾರದು.

ಹಂತ 6: ಹೊರಡೋ ಬೆಳಿಗ್ಗೆ

ಹವಾಮಾನ ನೋಡುವಾಗ ಫಾಲ್ಸ್ ಇರೋ ಜಾಗದ್ದು ಮಾತ್ರ ನೋಡಿದ್ರೆ ಸಾಲಲ್ಲ, ಅದಕ್ಕೆ ನೀರು ಬರೋ ಕಡೆಯದ್ದೂ ನೋಡ್ಬೇಕು, ಕಾರ್ಸ್ಟ್‌ನಲ್ಲಿ ಆ ಕಡೆ ಅನ್ನೋದು ಬೆಟ್ಟದ ಇನ್ನೊಂದು ಮಗ್ಗುಲೂ ಆಗಿರಬಹುದು. ನೆಲದ ಮೇಲೆ ಕಾಣೋ ಜಲಾನಯನ ಬೇರೆ, ಒಳಗಿನದ್ದು ಬೇರೆ. ಹಾಗಾಗಿ ಸುತ್ತಮುತ್ತಲಿನ ಪೂರ್ತಿ ಬೆಟ್ಟಸಾಲಿನ ಮಳೆ ನೋಡಿ, ಹಿಂದಿನ ದಿನದ್ದೂ ಸೇರಿಸಿ. ಜೋರು ಗುಡುಗು ಮಳೆ ಇದೆ ಅಂದ್ರೆ ಆವತ್ತು ಕೊರಕಲಿನ ಟ್ರೆಕ್ ಬೇಡ, ಮೇಲಿನ ವ್ಯೂಪಾಯಿಂಟ್‌ಗೆ ಹೋಗಿ ಬನ್ನಿ. ಅಲ್ಲಿನ ರೇಂಜರ್ ಅಥವಾ ಊರಿನವರು ಸಿಕ್ಕಿದ್ರೆ ನಿನ್ನೆ ನೀರಿನ ಬಣ್ಣ ಹೆಂಗಿತ್ತು ಅಂತ ಕೇಳಿ, ದಾರಿ ಚೆನ್ನಾಗಿದ್ಯಾ ಅಂತ ಕೇಳೋದಕ್ಕಿಂತ ಅದರಿಂದ ಜಾಸ್ತಿ ಗೊತ್ತಾಗುತ್ತೆ.

ಹಂತ 7: ನಡಿಗೆ

ಸುಣ್ಣದಕಲ್ಲು ಎರಡು ಥರ ಕಾಟ ಕೊಡುತ್ತೆ. ಜನ ಓಡಾಡಿ ನಯ ಆದ ಕಡೆ ಒದ್ದೆ ಇದ್ರೆ ಸೋಪು ಹಚ್ಚಿದಂಗೆ ಜಾರುತ್ತೆ. ಜನ ಓಡಾಡದ ಕಡೆ ಮಳೆ ಕೊರೆದು ಕೊರೆದು ಬ್ಲೇಡ್ ಥರ ಚೂಪು ಅಂಚು ಮಾಡಿರುತ್ತೆ. ಜಾರಿದಾಗ ಕೈ ಊರೋದು ಸಹಜ, ಊರಿದ್ರೆ ಅಂಗೈ ಸೀಳುತ್ತೆ, ಗ್ಲೌಸ್ ಹೇಳಿದ್ದು ಅದಕ್ಕೇ.

ಬಂಡೆಗಳ ನಡುವೆ ಕಾಲು ಹೋಗುವಷ್ಟು ಅಗಲ, ಮೊಣಕಾಲಿಗೋ ಸೊಂಟಕ್ಕೋ ಬರೋ ಆಳದ ಸೀಳುಗಳಿರ್ತವೆ. ಬರೀ ಕಲ್ಲಾಗಿದ್ರೆ ಕಾಣುತ್ತೆ, ಕಾಡಲ್ಲಿ ಅದರ ಮೇಲೆ ತರಗೆಲೆ ತುಂಬಿ, ಪಾಚಿ ಬೆಳೆದು, ಬೇರು ಅಡ್ಡ ಬಂದು ಸಮ ನೆಲ ಥರಾನೇ ಕಾಣ್ಸುತ್ತೆ. ಎಲೆ ತುಂಬಿದ ಜಾಗದಲ್ಲಿ ಮೊದಲು ಕೋಲು ಊರಿ, ಗಟ್ಟಿ ಅನ್ಸಿದ್ರೆ ಕಾಲು. ಪಾಚಿ ಕಟ್ಟಿದ ಕಲ್ಲಿಗಿಂತ ಬೇರಿನ ಬುಡದ ಮಣ್ಣು ವಾಸಿ, ಬೇರಿನ ಮೇಲೇ ಕಾಲಿಡೋದು ಮಾತ್ರ ಬೇಡ, ಒದ್ದೆ ಬೇರು ಕಲ್ಲಿಗಿಂತ ಕೆಟ್ಟದು. ಇಳಿಯುವಾಗ ಹೆಜ್ಜೆ ಚಿಕ್ಕದಿರ್ಲಿ, ಮೊಣಕಾಲು ಸ್ವಲ್ಪ ಬಗ್ಗಿರ್ಲಿ, ಪಾದ ಪೂರ್ತಿ ಊರ್ಲಿ. ಹಿಮ್ಮಡಿ ಮೊದಲು ಊರಿದ್ರೆ ಕೂತ್ಕೋತೀರಿ.

ಇನ್ನು ಸಿಂಕ್‌ಹೋಲ್, ಅಂದ್ರೆ ನೆಲ ಕುಸಿದು ಬಿದ್ದ ಗುಂಡಿ. ದೊಡ್ಡದು ಹತ್ರ ಬರ್ತಿದೆ ಅನ್ನೋದನ್ನ ಗಮನ ಇಟ್ರೆ ಮೊದಲೇ ಗೊತ್ತಾಗುತ್ತೆ. ಮರಗಳ ಕಾಂಡ ಬುಡದಲ್ಲಿ ಒಂದೇ ಕಡೆಗೆ ವಾಲಿ ಮೇಲಕ್ಕೆ ಬಾಗಿ ನಿಂತಿರ್ತವೆ, ಅಂದ್ರೆ ನೆಲ ನಿಧಾನವಾಗಿ ಆ ಕಡೆ ಜಾರ್ತಾ ಇದೆ. ಜರೀಗಿಡ, ಪಾಚಿ ಇದ್ದಕ್ಕಿದ್ದಂಗೆ ದಟ್ಟ ಆಗ್ತವೆ, ಯಾಕಂದ್ರೆ ಗುಂಡಿಯೊಳಗೆ ತಂಪು, ತೇವ. ಸೆಕೆ ಇರೋ ದಿನ ಮೊಣಕಾಲಿನ ಹತ್ರ ಎಲ್ಲಿಂದಲೋ ತಣ್ಣನೆ ಗಾಳಿ ಬಂತು ಅಂದ್ರೆ ಪಕ್ಕದಲ್ಲೇ ಗುಹೆಯ ಬಾಯೋ ಆಳದ ಬಾವಿಯಂಥ ಗುಂಡಿಯೋ ಇದೆ, ನಿಂತು ನೋಡಿ, ಆಮೇಲೆ ಮುಂದೆ ಹೋಗಿ. ಅಂಚಿಗೆ ಹೋಗಿ ಇಣುಕ್ಬೇಡಿ, ಅಂಚಿನ ಕೆಳಗೆ ಮಣ್ಣು ಪೊಳ್ಳಾಗಿರುತ್ತೆ, ಮೇಲೆ ಬರೀ ಬೇರಿನ ಚಾಪೆ ಇರುತ್ತೆ. ಜೋರು ಮಳೆ ಬಂದ ಮಾರನೇ ದಿನ ಹೊಸ ಬಿರುಕು, ಹಸಿ ಮಣ್ಣು ಕಂಡ್ರೆ ದೂರದಿಂದ ಸುತ್ತು ಹಾಕಿ. ಕಲ್ಲು ಎಸೆದು ಆಳ ನೋಡೋ ಆಟಾನೂ ಬೇಡ, ಕೆಳಗೆ ಯಾರಿರ್ತಾರೋ ಗೊತ್ತಿಲ್ಲ.

ಇಬ್ಬರ ನಡುವೆ ಒಂದೆರಡು ಮಾರು ಅಂತರ ಬಿಟ್ಕೊಂಡು ನಡೀರಿ, ಆದ್ರೆ ಕಣ್ಣಿಗೆ ಕಾಣೋ ಹಾಗೇ ಇರ್ಬೇಕು. ಗುಂಡಿಗಳ ಮಧ್ಯೆ ದಾರಿ ಸುತ್ತಿ ಸುತ್ತಿ ಹೋಗುತ್ತಲ್ಲ, ದಿಕ್ಕು ಬೇಗ ತಪ್ಪುತ್ತೆ, ಹಾಗಾಗಿ ಆಗಾಗ ಹಿಂದಕ್ಕೆ ತಿರುಗಿ ನೋಡಿ, ವಾಪಸ್ ಬರುವಾಗ ದಾರಿ ಕಾಣೋದು ಹಂಗೇ. ಕವಲು ಬಂದ ಕಡೆಯೆಲ್ಲಾ ಹಿಂದಿನ ನೋಟದ್ದೇ ಒಂದು ಫೋಟೋ ತೆಗೆದಿಟ್ಕೊಳಿ.

ಹಂತ 8: ಹೊಳೆ ದಾಟೋದು, ಪ್ರವಾಹದ ಸೂಚನೆ

ದಾಟೋ ಮುಂಚೆ ಕೆಳಗಡೆ ಏನಿದೆ ನೋಡಿ. ಬೇರೆ ಕಡೆ ಕೆಳಗೆ ಫಾಲ್ಸ್ ಇದ್ಯಾ ಅಂತ ನೋಡ್ತೀವಿ, ಇಲ್ಲಿ ಅದರ ಜೊತೆಗೆ ನೀರು ಬಂಡೆ ಕೆಳಗೆ ನುಗ್ಗೋ ಬಾಯಿ ಇದ್ಯಾ ಅಂತಾನೂ ನೋಡ್ಬೇಕು. ಗ್ವಾಟೆಮಾಲಾದ ಸೆಮುಕ್ ಚಂಪೇಯಲ್ಲಿ ಮೇಲೆ ಶಾಂತವಾದ ಹಸಿರು ಕೊಳಗಳು, ಅದರ ಕೆಳಗೆ ಸುಮಾರು 300 ಮೀಟರ್ ಉದ್ದದ ಸುಣ್ಣದಕಲ್ಲಿನ ಸೇತುವೆಯ ಅಡಿ ಕಾಹಬೋನ್ ನದಿ ಪೂರ್ತಿ ಒಳಗೆ ನುಗ್ಗಿ ಹೋಗುತ್ತೆ. ಅಂಥ ಬಾಯಿ ಹತ್ರ ಸೆಳವಿಗೆ ಸಿಕ್ಕಿದ್ರೆ ಈಜು ಬಂದ್ರೂ ಅಷ್ಟೆ ಬರದಿದ್ರೂ ಅಷ್ಟೆ.

ಮೊಣಕಾಲಿಗಿಂತ ಮೇಲೆ, ರಭಸ ಇದ್ರೆ ದಾಟಬೇಡಿ. ದಾಟುವಾಗ ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿ, ಬಿದ್ರೆ ಕಳಚ್ಕೊಳ್ಳೋಕೆ ಆಗ್ಬೇಕು. ಮುಖ ನೀರು ಬರೋ ಕಡೆ, ಕೋಲು ಮುಂದೆ ಊರಿ, ಒಂದೊಂದೇ ಕಾಲು ಪಕ್ಕಕ್ಕೆ ಸರಿಸ್ತಾ ಹೋಗಿ. ಶೂ ಬಿಚ್ಚಿ ಬರಿಗಾಲಲ್ಲಿ ಇಳೀಬೇಡಿ.

ಪ್ರವಾಹ ಬರೋದನ್ನ ಮಳೆ ನೋಡಿ ಕಾಯ್ತಾ ಕೂತ್ರೆ ಲೇಟಾಗುತ್ತೆ. ನಿಮ್ಮ ತಲೆ ಮೇಲೆ ಬಿಸಿಲಿರುತ್ತೆ, ಮಳೆ ಬೆಟ್ಟದ ಆಚೆ ಬಂದಿರುತ್ತೆ, ನೀರು ಒಳಗಿಂದ ಬರುತ್ತೆ. ನೋಡ್ಬೇಕಾದ್ದು ನೀರನ್ನೇ: ನೀಲಿ ಇದ್ದದ್ದು ಹಾಲು ಹಾಕಿದಂಗೆ ಮಸುಕಾಯ್ತು, ಆಮೇಲೆ ಕಂದು ಆಯ್ತು. ಎಲೆ ಕಡ್ಡಿ ತೇಲ್ಕೊಂಡು ಬರೋಕೆ ಶುರುವಾಯ್ತು. ಇಷ್ಟೊತ್ತು ಒಣಗಿದ್ದ ಬಂಡೆ ಸಂದಿಯಿಂದ ನೀರು ಜಿನುಗ್ತಾ ಇದೆ. ಫಾಲ್ಸ್ ಸೌಂಡ್ ದಪ್ಪ ಆಯ್ತು, ಹಸಿಮಣ್ಣಿನ ವಾಸನೆ ಬಂತು. ಇದರಲ್ಲಿ ಯಾವುದು ಒಂದು ಕಂಡ್ರೂ ಬ್ಯಾಗ್ ಎತ್ಕೊಂಡು ಮೇಲಕ್ಕೆ ಹತ್ತಿ, ಕೊರಕಲಿನ ಉದ್ದಕ್ಕೂ ಕೆಳಗೆ ಓಡ್ಬೇಡಿ, ನೀರು ನಿಮಗಿಂತ ಫಾಸ್ಟು. ಕೆಲವು ಗುಂಡಿಗಳು ಒಣ ದಿನದಲ್ಲಿ ನೀರು ಕುಡೀತವೆ, ಪ್ರವಾಹದ ದಿನ ಅವೇ ಉಕ್ಕುತ್ತವೆ, ಹಾಗಾಗಿ ಅದರ ಪಕ್ಕದಲ್ಲಿ ಟೆಂಟ್ ಹಾಕೋದೂ ಬೇಡ. ಊಟಕ್ಕೆ ಕೂರುವಾಗ ನೀರಿನ ಅಂಚಲ್ಲಿ ಒಂದು ಕಲ್ಲು ಗುರುತು ಇಟ್ಕೊಂಡು ಕೂತ್ಕೊಳಿ, ಕಲ್ಲು ಮುಳುಗಿದ್ರೆ ಊಟ ಮೇಲೆ ಹೋಗಿ ಮಾಡಿ.

ದಾಟಿ ಆಚೆ ಹೋದ್ಮೇಲೆ ನೀರು ಜಾಸ್ತಿ ಆಗಿ ವಾಪಸ್ ಬರೋಕಾಗ್ತಿಲ್ಲ ಅಂದ್ರೆ ಆಚೆನೇ ಎತ್ತರದಲ್ಲಿ ಕಾಯಿರಿ. ಕಾರ್ಸ್ಟ್‌ನಲ್ಲಿ ನೀರು ಏರೋದು ಎಷ್ಟು ಬೇಗವೋ ಎಷ್ಟೋ ಸಲ ಇಳಿಯೋದೂ ಬೇಗ. ಒಂದು ರಾತ್ರಿ ಕಾಯ್ಬೇಕಾಗಿ ಬಂದ್ರೂ ಒಣ ಬಟ್ಟೆ ಇದ್ಯಲ್ಲ.

ಹಂತ 9: ಫಾಲ್ಸ್ ಹತ್ರ

ತಲುಪಿದ ಮೇಲೆ ಐದು ನಿಮಿಷ ಸುಮ್ನೆ ನಿಂತು ಗೋಡೇನ ಹತ್ರದಿಂದ ನೋಡಿ, ಮುಟ್ಟಬೇಡಿ. ನೀರು ಹನೀತಾ ಇರೋ ಜಾಗದಲ್ಲಿ ಹಾವಸೆಯ ತುದಿ ಹಸಿರಾಗಿರುತ್ತೆ, ಅರ್ಧ ಬೆರಳು ಕೆಳಗೆ ಅದೇ ಎಳೆ ಬೂದು ಬಣ್ಣಕ್ಕೆ ತಿರುಗಿ ಗರಗರ ಆಗಿರುತ್ತೆ, ಇನ್ನೂ ಕೆಳಗೆ ಪೂರ್ತಿ ಕಲ್ಲು. ಬಿದ್ದ ಎಲೆಯೊಂದು ಸಿಕ್ಕಾಕ್ಕೊಂಡಿದ್ರೆ ಅದರ ನರ ಎಲ್ಲಾ ಹಂಗೇ ಇದ್ದು ಮೇಲೆ ಸುಣ್ಣದ ಪದರ ಬಂದಿರುತ್ತೆ. ಹಾವಸೆ ಮೇಲಕ್ಕೆ ಬೆಳೆಯುತ್ತೆ, ಕೆಳಗಿಂದ ಕಲ್ಲಾಗ್ತಾ ಬರುತ್ತೆ, ಹಂಗೇ ಗೋಡೆ ಎದ್ದಿರೋದು. ಗಟ್ಟಿ ಬಂಡೆ ಥರ ಕಂಡ್ರೂ ಒಳಗೆ ಸ್ಪಂಜು, ಒಬ್ಬರು ಹತ್ತಿ ಫೋಟೋ ತೆಗೆಸ್ಕೊಂಡ್ರೆ ವರ್ಷಗಟ್ಟಲೆ ಬೆಳೆದಿದ್ದು ಮುರಿಯುತ್ತೆ, ಅವರೂ ಬೀಳ್ತಾರೆ. ಮರದ ಅಟ್ಟಣಿಗೆ ದಾರಿ ಹಾಕಿದ್ರೆ ಅದರ ಮೇಲೇ ಇರಿ. ಪ್ಲಿಟ್‌ವಿಟ್ಸೆಯಲ್ಲಿ 78 ಮೀಟರ್ ಎತ್ತರದ ವೆಲಿಕಿ ಸ್ಲಾಪ್ ಫಾಲ್ಸ್‌ವರೆಗೂ ಮರದ ದಾರಿಲೇ ಓಡಾಡ್ಬೇಕು, ಈಜೋ ಹಾಗಿಲ್ಲ, 1979ರಿಂದ ಯುನೆಸ್ಕೋ ಪಟ್ಟಿಯಲ್ಲಿರೋ ಜಾಗ ಅದು.

ಈಜೋಕೆ ಬಿಡೋ ಜಾಗಗಳೂ ಇವೆ. ಕುವಾಂಗ್ ಸೀಯಲ್ಲಿ ಕೆಲವು ಕೊಳಕ್ಕೆ ಇಳೀಬಹುದು, ಕೆಲವಕ್ಕೆ ಇಲ್ಲ, ಬೋರ್ಡ್ ಇರುತ್ತೆ. ಇಳಿಯೋ ಮುಂಚೆ ಇಷ್ಟು ನೋಡ್ಕೊಳಿ. ತಿಳಿನೀರಲ್ಲಿ ತಳ ಇರೋದಕ್ಕಿಂತ ಹತ್ರ ಕಾಣುತ್ತೆ, ನಾಲ್ಕು ಮೀಟರ್ ಆಳ ಮೇಲಿಂದ ಮೂರರಂಗೆ ಕಾಣುತ್ತೆ, ಕಾಲಿಗೆ ಸಿಗುತ್ತೆ ಅನ್ಕೊಂಡು ಇಳಿದವರಿಗೆ ಸಿಗಲ್ಲ. ಮಸುಕು ನೀರಾದ್ರೆ ಇದಕ್ಕೆ ಉಲ್ಟಾ, ಮೇಲಿಂದ ಹಾರಿದ್ರೆ ಒಂದಡಿ ಕೆಳಗೇ ಟೂಫಾ ದಿಂಡು ಇರಬಹುದು, ಹಾಗಾಗಿ ಜಂಪ್ ಯಾವ ಕಾರಣಕ್ಕೂ ಬೇಡ. ಒರತೆ ನೀರಿನ ತಾಪ ಹೆಚ್ಚೂ ಕಡಿಮೆ ಆ ಪ್ರದೇಶದ ವರ್ಷದ ಸರಾಸರಿ ತಾಪದಷ್ಟೇ ಇರುತ್ತೆ, ಚಳಿ ದೇಶದಲ್ಲಿ ಬೇಸಿಗೇಲೂ ಕೊರೆಯುತ್ತೆ, ಒಮ್ಮೆಗೇ ಇಳಿದ್ರೆ ಉಸಿರು ಸಿಕ್ಕಾಕ್ಕೊಳ್ಳುತ್ತೆ. ಮೊದಲು ಕಾಲು, ಆಮೇಲೆ ಕೈ, ಕುತ್ತಿಗೆಗೆ ನೀರು ಹಾಕ್ಕೊಂಡು ನಿಧಾನಕ್ಕೆ ಇಳೀರಿ.

ಎಲೆಯೊಂದನ್ನ ಬಿಟ್ಟು ನೋಡಿ, ಅದು ಕೊಳದ ಹೊರಗೆ ಹೋಗೋ ದಾರಿಗೆ ತೇಲದೇ ಬಂಡೆ ಗೋಡೆ ಕಡೆ ಹೋಗಿ ಮುಳುಗ್ತು ಅಂದ್ರೆ ಅಲ್ಲಿ ಕೆಳಗೆ ಬಾಯಿದೆ, ಆ ಕೊಳದಲ್ಲಿ ಈಜ್ಬೇಡಿ. ನೀರು ಬೀಳೋ ಜಾಗದ ನೇರ ಕೆಳಗೂ ಬೇಡ, ಮೇಲಿಂದ ನೀರಿನ ಜೊತೆ ಕಲ್ಲು, ಕೊಂಬೆನೂ ಬರುತ್ತೆ. ಸನ್‌ಸ್ಕ್ರೀನ್, ಸೊಳ್ಳೆ ಕ್ರೀಮ್ ಹಚ್ಚಿದ್ರೆ ಇಳಿಯೋ ಮುಂಚೆ ಒರೆಸ್ಕೊಳಿ, ಸೋಪು ಶಾಂಪೂ ಅಂತೂ ಬೇಡವೇ ಬೇಡ. ಈ ಗೋಡೆ ಕಟ್ಟೋ ಪಾಚಿ ಹಾವಸೆಗೆ ಕೊಳಕು ಆಗಲ್ಲ. ಮೂತ್ರ ಮಲಕ್ಕೆ ನೀರಿಂದ ಕನಿಷ್ಠ 60 ಮೀಟರ್ ದೂರ, ಸಿಂಕ್‌ಹೋಲ್ ಒಳಗಂತೂ ಖಂಡಿತ ಬೇಡ. ಅಲ್ಲಿ ಹಾಕಿದ್ದು ನೇರ ಒರತೆಗೆ ಅಂತ ಆಗ್ಲೇ ಹೇಳಿದ್ನಲ್ಲ.

ಫೋಟೋ ತೆಗೆಯೋರಿಗೆ ಒಂದೇ ಮಾತು, ಮೋಡ ಇದ್ದಾಗ ಅಥವಾ ಬೆಳಗಿನ ನೆರಳಲ್ಲಿ ಬಣ್ಣ ಚೆನ್ನಾಗಿ ಬರುತ್ತೆ, ಲೆನ್ಸ್‌ಗೆ ಪೋಲರೈಸರ್ ಫಿಲ್ಟರ್ ಹಾಕಿದ್ರೆ ಮೇಲಿನ ಹೊಳಪು ಹೋಗಿ ತಳ ಕಾಣುತ್ತೆ. ಟ್ರೈಪಾಡನ್ನ ಟೂಫಾ ಮೇಲೆ ಊರ್ಬೇಡಿ.

ಹಂತ 10: ಗುಹೆ ಕಂಡ್ರೆ

ಬಾಯಲ್ಲಿ ನಿಂತು ನೋಡಿ, ಒಳಗೆ ಹೋಗ್ಬೇಡಿ. ಥಾಯ್ಲೆಂಡ್‌ನ ಥಾಮ್ ಲುವಾಂಗ್‌ನಲ್ಲಿ 2018ರ ಜೂನ್ 23ಕ್ಕೆ 12 ಹುಡುಗ್ರು ಮತ್ತವರ ಫುಟ್ಬಾಲ್ ಕೋಚ್ ಒಳಗೆ ಹೋದ್ರು, ಹಿಂದೆ ನೀರು ತುಂಬ್ಕೊಂಡು ಎಲ್ಲರೂ ಹೊರಗೆ ಬರೋ ಹೊತ್ತಿಗೆ ಜುಲೈ 10 ಆಗಿತ್ತು, ರಕ್ಷಣೆಗೆ ಹೋದ ಮಾಜಿ ನೌಕಾಪಡೆ ಯೋಧ ಸಮಾನ್ ಕುನಾನ್ ಒಳಗೇ ಜೀವ ಬಿಟ್ರು. ಫಾಲ್ಸ್‌ಗೆ ಅಂತ ತಂದ ಒಂದು ಟಾರ್ಚು ಗುಹೆಗೆ ಸಾಲಲ್ಲ. ಬಾವಲಿ ಹಿಕ್ಕೆ ಇರೋ ಕಡೆ ಧೂಳು ಎಬ್ಬಿಸಿದ್ರೆ ಶಿಲೀಂಧ್ರದ ಕಣ ಉಸಿರಲ್ಲಿ ಹೋಗಿ ಶ್ವಾಸಕೋಶಕ್ಕೆ ಸೋಂಕು ಆಗಬಹುದು. ಆಸಕ್ತಿ ಇದ್ರೆ ಗುಹೆಗೆ ಅಂತಾನೇ ಇನ್ನೊಂದು ದಿನ ಗೈಡ್ ಜೊತೆ ಹೋಗಿ.

ಹಂತ 11: ಏನಾದ್ರೂ ಆದ್ರೆ

ದಾರಿ ತಪ್ಪಿದೆ ಅನ್ಸಿದ ತಕ್ಷಣ ನಿಲ್ಲಿ. ಹೊಳೆ ಹಿಡ್ಕೊಂಡು ಕೆಳಗೆ ಹೋದ್ರೆ ಊರು ಸಿಗುತ್ತೆ ಅನ್ನೋ ಹಳೇ ಬುದ್ಧಿವಾದ ಇಲ್ಲಿ ನಡೆಯಲ್ಲ, ಹೊಳೆ ಗುಂಡಿಗೋ ಪ್ರಪಾತಕ್ಕೋ ಕರ್ಕೊಂಡು ಹೋಗುತ್ತೆ. ಕೊನೇದಾಗಿ ಖಚಿತವಾಗಿ ಗೊತ್ತಿದ್ದ ಜಾಗಕ್ಕೆ ವಾಪಸ್ ಹೋಗಿ, ಅದಕ್ಕೂ ಆಗಲ್ಲ ಅಂದ್ರೆ ಅಲ್ಲೇ ಇರಿ. ವಿಷಲ್ ನಿಮಿಷಕ್ಕೆ ಆರು ಸಲ ಊದಿ ಒಂದು ನಿಮಿಷ ಸುಮ್ನಿರಿ, ಮತ್ತೆ ಆರು. ಉತ್ತರ ಬಂದ್ರೆ ನಿಮಿಷಕ್ಕೆ ಮೂರು ಸಲ ಬರುತ್ತೆ. ಫಾಲ್ಸ್ ಸೌಂಡ್ ಹತ್ರ ಇದ್ರೆ ಏನೂ ಕೇಳಲ್ಲ, ಸ್ವಲ್ಪ ದೂರ, ಎತ್ತರಕ್ಕೆ ಹೋಗಿ ಊದಿ.

ಯಾರಾದ್ರೂ ಗುಂಡಿಗೆ ಬಿದ್ರೆ ಆತುರದಲ್ಲಿ ಹಿಂದೆನೇ ಇಳೀಬೇಡಿ, ಅಂಚು ಮತ್ತೆ ಕುಸಿದ್ರೆ ಇಬ್ಬರಾಗ್ತೀರಿ. ಅಂಚಿಂದ ದೂರ ನಿಂತು ಮಾತಾಡಿಸ್ತಾ ಇರಿ, ನೀರು, ಬೆಚ್ಚಗಿನ ಬಟ್ಟೆ ಹಗ್ಗಕ್ಕೆ ಕಟ್ಟಿ ಇಳಿಸಿ, ಸಹಾಯ ಕರೀರಿ. ಯುರೋಪ್‌ನ ಬಹುತೇಕ ದೇಶಗಳಲ್ಲಿ 112, ಬೇರೆ ಕಡೆ ನಂಬರ್ ಬೇರೆ, ಹೊರಡೋ ಮುಂಚೆನೇ ನೋಡಿ ಸೇವ್ ಮಾಡ್ಕೊಂಡಿರಿ. ಸಿಗ್ನಲ್ ಸಿಗೋದು ಕೊರಕಲಲ್ಲಿ ಅಲ್ಲ, ಬೆಟ್ಟದ ಏಣು, ಅಂದ್ರೆ ಎತ್ತರದ ಸಾಲಿನ ಮೇಲೆ.

ಹಂತ 12: ವಾಪಸ್ ಬಂದ ಮೇಲೆ

ಇಳಿಯುವಾಗ್ಲೇ ಜಾಸ್ತಿ ಜನ ಬೀಳೋದು, ಕಾಲು ಸುಸ್ತಾಗಿರುತ್ತೆ, ಗಮನ ಮೊಬೈಲ್ ಫೋಟೋ ಮೇಲಿರುತ್ತೆ. ಹೊರಡೋ ಮುಂಚೆ ಏನಾದ್ರೂ ತಿಂದು ನೀರು ಕುಡಿದು ಹೊರಡಿ.

ಮುಖ್ಯ ದಾರಿಗೆ ಬಂದ ತಕ್ಷಣ ಮೆಸೇಜ್ ಹಾಕಿದ್ದವರಿಗೆ ಫೋನ್ ಮಾಡಿ. ಸ್ನಾನ ಮಾಡುವಾಗ ಕಂಕುಳು, ಮೊಣಕಾಲಿನ ಹಿಂದೆ, ಕಿವಿ ಹಿಂದೆ ಉಣ್ಣಿ ಹತ್ತಿದ್ಯಾ ನೋಡ್ಕೊಳಿ. ಮುಂದಿನ ಎರಡು ಮೂರು ವಾರದಲ್ಲಿ ಜ್ವರ, ಹೊಟ್ಟೆ ಕೆಟ್ಟಿದ್ದು ಏನಾದ್ರೂ ಬಂದ್ರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರ್‌ಗೆ ಹೇಳಿ. ಶೂ, ಕೋಲು, ಟೆಂಟಿನ ಕೆಸರನ್ನ ಬ್ರಷ್ ಹಾಕಿ ತೊಳೆದು ಪೂರ್ತಿ ಒಣಗಿಸಿ ಎತ್ತಿಡಿ, ಇಲ್ಲಾಂದ್ರೆ ಒಂದು ಕಾಡಿನ ಬೀಜ, ಶಿಲೀಂಧ್ರ ಇನ್ನೊಂದು ಕಾಡಿಗೆ ಹೋಗುತ್ತೆ. ಟ್ರ್ಯಾಕ್ ಆನ್‌ಲೈನ್ ಹಾಕೋದಾದ್ರೆ ಯಾವ ತಿಂಗಳು, ನೀರು ಎಷ್ಟಿತ್ತು, ದಾರೀಲಿ ಗುಂಡಿ ಎಲ್ಲಿದೆ ಅಂತ ಬರೀರಿ, ಗುರುತಿಲ್ಲದ ಗುಹೆಗಳ ಜಾಗ ಮಾತ್ರ ಹಾಕ್ಬೇಡಿ.